ಪಿಯುಸಿ ಪಾಠಕ್ಕೆ ಪ್ರೋಟೀನ್ ಡೇಟಾ ಬ್ಯಾಂಕ್: ಒಬ್ಬ ಕೆಮಿಸ್ಟ್ರಿ ಲೆಕ್ಚರರ್ ಅಭಿಪ್ರಾಯ

ಜೈವಿಕ ಅಣುಗಳ ಪಾಠ ಮಾಡುವ ಎಲ್ಲ ಲೆಕ್ಚರರ್‌ಗಳಿಗೂ ನನ್ನ ಮೊದಲ ಮಾತು: ಪ್ರೋಟೀನ್ ಡೇಟಾ ಬ್ಯಾಂಕನ್ನು ಪ್ರೊಜೆಕ್ಟರಿಗೆ ಹಾಕಿ ತೋರಿಸದೆ ಆ ಅಧ್ಯಾಯ ಮುಗಿಸಬೇಡಿ. ಆರ್‌ಸಿಎಸ್‌ಬಿ ಡಾಟ್ ಆರ್ಗ್ ಎಂದು ಹೊಡೆದರೆ ಸಾಕು. ದುಡ್ಡು ಬೇಡ, ಲಾಗಿನ್ ಬೇಡ. 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಬರೀ 7 ರಚನೆಗಳಿಂದ ಶುರುವಾದ, ಪ್ರೋಟೀನಿನಂಥ ಜೈವಿಕ ಅಣುಗಳ ಮೂರು ಆಯಾಮದ ರಚನೆಗಳ ಸಂಗ್ರಹ ಇದು. ಈಗ ಅಲ್ಲಿರುವುದು 2 ಲಕ್ಷಕ್ಕೂ ಹೆಚ್ಚು. ಪ್ರತಿಯೊಂದಕ್ಕೂ ನಾಲ್ಕು ಅಕ್ಷರ-ಅಂಕಿಗಳ ಗುರುತು. ಆ ಗುರುತು ಗೊತ್ತಿದ್ದರೆ ಅಣು ಕಣ್ಣೆದುರು ತಿರುಗುತ್ತದೆ.

ನನ್ನ ತರಗತಿಯಲ್ಲಿ ಇದು ಹೆಚ್ಚು ಕೆಲಸಕ್ಕೆ ಬಂದದ್ದು ಸಿಕಲ್ ಸೆಲ್ ವಿಷಯದಲ್ಲಿ. ನಮ್ಮ ಚಾಮರಾಜನಗರ ಜಿಲ್ಲೆಯ ಹಾಡಿಗಳಲ್ಲಿ ಈ ಕಾಯಿಲೆ ಇದೆ, ಹಾಗಾಗಿ ಹೆಸರು ಕೇಳದ ಮಕ್ಕಳು ಕಡಿಮೆ. ರಕ್ತದಲ್ಲಿ ಆಕ್ಸಿಜನ್ ಸಾಗಿಸುವ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳು. ಅದರಲ್ಲಿ ಆರನೆಯ ಜಾಗದ ಗ್ಲುಟಾಮಿಕ್ ಆಮ್ಲ ಹೋಗಿ ವ್ಯಾಲಿನ್ ಬಂದರೆ ಕಾಯಿಲೆ. ಈ ವಾಕ್ಯವನ್ನು ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಆದರೆ ‘ಒಂದೇ ಒಂದು ಬದಲಾದರೆ ಇಷ್ಟೆಲ್ಲ ಯಾಕೆ ಸಾರ್?’ ಎಂದು ಯಾರಾದರೂ ಕೇಳಿದರೆ ಬೋರ್ಡು ಸಾಲುವುದಿಲ್ಲ. 2ಎಚ್‌ಬಿಎಸ್ ಎಂಬ ಗುರುತಿನ ರಚನೆ ತೆರೆಯಿರಿ. ಸಿಕಲ್ ಹಿಮೋಗ್ಲೋಬಿನ್ನಿನ ಎರಡು ಅಣುಗಳು ಪಕ್ಕಪಕ್ಕದಲ್ಲಿವೆ. ಮೇಲಿನ ಅಮೈನೋ ಆಮ್ಲಗಳ ಸರಣಿಪಟ್ಟಿಯಲ್ಲಿ ಒಂದೊಂದು ಬೀಟಾ ಸರಪಳಿಯ ಆರನೆಯ ವ್ಯಾಲಿನ್ ಮೇಲೆ ಕ್ಲಿಕ್ ಮಾಡುತ್ತಾ ಬಂದರೆ, ಅವುಗಳಲ್ಲಿ ಒಂದು ಪಕ್ಕದ ಅಣುವಿನ ಫಿನೈಲ್‌ಅಲನಿನ್ 85, ಲ್ಯೂಸಿನ್ 88 ಇರುವ ತಗ್ಗಿನಲ್ಲಿ ಹೋಗಿ ಕೂತಿರುವುದು ಕಾಣುತ್ತದೆ. ಗ್ಲುಟಾಮಿಕ್ ಆಮ್ಲಕ್ಕೆ ಋಣ ಆವೇಶವಿದೆ, ಅದು ನೀರಿನ ಕಡೆಗೇ ಇರುತ್ತದೆ. ವ್ಯಾಲಿನ್ನಿಗೆ ನೀರು ಒಗ್ಗದು, ಜಿಡ್ಡಿನ ಜಾಗ ಸಿಕ್ಕಿದರೆ ಅಲ್ಲಿ ಸೇರಿಕೊಳ್ಳುತ್ತದೆ. ಆಕ್ಸಿಜನ್ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ನುಗಳು ಹೀಗೆ ಒಂದಕ್ಕೊಂದು ಅಂಟುತ್ತ ಉದ್ದನೆಯ ನಾರುಗಳಾಗಿ ಕೆಂಪು ರಕ್ತಕಣವನ್ನೇ ಕುಡುಗೋಲಿನ ಆಕಾರಕ್ಕೆ ಎಳೆಯುತ್ತವೆ. ಪ್ರಾಥಮಿಕ ರಚನೆ, ಅಂದರೆ ಅಮೈನೋ ಆಮ್ಲಗಳ ಅನುಕ್ರಮ, ಯಾಕೆ ಮುಖ್ಯ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಎರಡನೆಯದು 1ಸಿಎಜಿ, ಮೂಳೆ, ಚರ್ಮಗಳಲ್ಲಿರುವ ಕೊಲಾಜನ್ ಎಂಬ ಪ್ರೋಟೀನಿನ ಮಾದರಿಯ ಪುಟ್ಟ ಪೆಪ್ಟೈಡ್ (ಅಮೈನೋ ಆಮ್ಲಗಳ ಚಿಕ್ಕ ಸರಪಳಿ). ಒಂದೊಂದು ಎಳೆಯಲ್ಲಿ 30 ಅಮೈನೋ ಆಮ್ಲ; ಮೂರು ಎಳೆ ಜಡೆ ಹೆಣೆದ ಹಾಗೆ ಸುತ್ತಿಕೊಂಡಿವೆ. ಪ್ರತಿ ಮೂರನೆಯದು ಗ್ಲೈಸಿನ್, ಏಕೆಂದರೆ ನಡುವಿನ ಇಕ್ಕಟ್ಟಿನಲ್ಲಿ ಒಂದು ಹೈಡ್ರೋಜನ್ನಿಗಿಂತ ದೊಡ್ಡ ಗುಂಪು ಹಿಡಿಸುವುದಿಲ್ಲ. ಈ ಪೆಪ್ಟೈಡ್‌ನಲ್ಲಿ ಬೇಕೆಂದೇ ಒಂದು ಗ್ಲೈಸಿನ್ ತೆಗೆದು ಅಲನಿನ್ ಇಟ್ಟಿದ್ದಾರೆ. ಹೆಚ್ಚಾದದ್ದು ಒಂದು ಮಿಥೈಲ್ ಗುಂಪು, ಅಷ್ಟಕ್ಕೇ ಆ ಭಾಗದಲ್ಲಿ ಸುರುಳಿ ಸಡಿಲವಾಗಿ ಎಳೆಗಳ ನಡುವೆ ನೀರಿನ ಅಣುಗಳು ನುಗ್ಗಿವೆ. ಮೂಳೆಗಳು ಸುಲಭವಾಗಿ ಮುರಿಯುವ ಹುಟ್ಟುಕಾಯಿಲೆಯೊಂದರಲ್ಲಿ ಕೊಲಾಜನ್ನಿನ ಗ್ಲೈಸಿನ್ ಹೀಗೆಯೇ ಬದಲಾಗಿರುತ್ತದೆ.

ಇಲ್ಲಿ ನಾನು ಯಾವಾಗಲೂ ನಿಂತು ಜಿ. ಎನ್. ರಾಮಚಂದ್ರನ್ ಹೆಸರು ಹೇಳುತ್ತೇನೆ. ಕೊಲಾಜನ್ನಿನ ಮೂರೆಳೆ ಸುರುಳಿಯನ್ನು 1950ರ ದಶಕದಲ್ಲಿ ಮದ್ರಾಸಿನಲ್ಲಿ ಕಂಡುಕೊಂಡವರು ಅವರು ಮತ್ತು ಗೋಪಿನಾಥ್ ಕರ್ತಾ. ಅಮೈನೋ ಆಮ್ಲಗಳನ್ನು ಬೆಸೆಯುವ ಪೆಪ್ಟೈಡ್ ಬಂಧ ಅನುರಣನದಿಂದಾಗಿ (ಎಲೆಕ್ಟ್ರಾನುಗಳು ಹಂಚಿಹೋಗುವುದರಿಂದ) ಚಪ್ಪಟೆಯಾಗಿರುತ್ತದೆ, ತಿರುಗುವುದಿಲ್ಲ. ತಿರುಗಲು ಉಳಿಯುವುದು ಪ್ರತಿ ಅಮೈನೋ ಆಮ್ಲದ ನಡುವಿನ ಆಲ್ಫಾ ಕಾರ್ಬನ್ನಿನ ಎರಡೂ ಬದಿಯ ಫೈ, ಸೈ ಎಂಬ ಎರಡು ಕೋನಗಳು ಮಾತ್ರ. ಅವುಗಳಲ್ಲೂ ಪರಮಾಣುಗಳು ಒಂದಕ್ಕೊಂದು ಡಿಕ್ಕಿಯಾಗದ ಜೋಡಿಗಳು ಕೆಲವೇ ಎಂದು 1963ರಲ್ಲಿ ಅವರು ಸಂಗಡಿಗರೊಂದಿಗೆ ನಕ್ಷೆ ಬರೆದು ತೋರಿಸಿದರು. ಆಮೇಲೆ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ಎಕ್ಸ್-ರೇ ವಿಧಾನದಿಂದ ಕಂಡ ಪ್ರೋಟೀನಿನ ಯಾವ ಪುಟವನ್ನೇ ತೆರೆಯಿರಿ, ಗುಣಮಟ್ಟದ ಪಟ್ಟಿಗಳ ನಡುವೆ ‘ರಾಮಚಂದ್ರನ್ ಔಟ್‌ಲೈಯರ್ಸ್’ ಎಂಬ ಸಾಲು ಇರುತ್ತದೆ, ಅಂದರೆ ಆ ನಕ್ಷೆಗೆ ಹೊಂದದ ಕೋನಗಳ ಲೆಕ್ಕ. ಜಗತ್ತಿನ ಯಾವ ಮೂಲೆಯ ವಿಜ್ಞಾನಿ ಕಳಿಸಿದ ಪ್ರೋಟೀನ್ ರಚನೆಯಾದರೂ ಆ ನಕ್ಷೆಯ ಪರೀಕ್ಷೆಗೆ ಒಳಗಾಗುತ್ತದೆ. ಇದನ್ನು ಮಕ್ಕಳಿಗೆ ತೋರಿಸುವಾಗ ನನಗಾಗುವ ಹೆಮ್ಮೆ ದೊಡ್ಡದು.

ಬಳಸುವವರು ತಿಳಿದಿರಬೇಕಾದ ಮಿತಿಗಳೂ ಇವೆ. ಎಕ್ಸ್-ರೇಯಿಂದ ಕಂಡ ಹೆಚ್ಚಿನ ರಚನೆಗಳಲ್ಲಿ ಹೈಡ್ರೋಜನ್ ಪರಮಾಣುಗಳೇ ಇರುವುದಿಲ್ಲ. ಹೈಡ್ರೋಜನ್ ಬಂಧ ತೋರಿಸಬೇಕಾದರೆ ನೈಟ್ರೋಜನ್-ಆಕ್ಸಿಜನ್ ನಡುವಿನ ಸುಮಾರು 2.9 ಆಂಗ್‌ಸ್ಟ್ರಾಮ್ ದೂರವನ್ನು ಅಳೆದು ತೋರಿಸಬೇಕು. ಪುಟ ತೆರೆದಾಗ ಕಾಣುವ ರಿಬ್ಬನ್ ಬರೀ ಚಿತ್ರ. ಅದನ್ನೇ ನೋಡಿದ ಮಕ್ಕಳು ಪ್ರೋಟೀನಿನ ಒಳಗೆಲ್ಲ ಖಾಲಿ ಎಂದುಕೊಳ್ಳುತ್ತಾರೆ. ಒಮ್ಮೆ ಪರಮಾಣುಗಳನ್ನು ಪೂರ್ಣ ಗಾತ್ರದಲ್ಲಿ ತುಂಬಿ ತೋರಿಸಿ, ಒಳಗೆ ಎಷ್ಟು ಒತ್ತೊತ್ತಾಗಿದೆ ಎಂದು ಆಗ ತಿಳಿಯುತ್ತದೆ. ಡಿನೇಚರೇಶನ್, ಅಂದರೆ ಬಿಸಿ ಮುಂತಾದವಕ್ಕೆ ಪ್ರೋಟೀನಿನ ಮಡಿಕೆ ಬಿಚ್ಚಿಹೋಗುವುದು, ಇಲ್ಲಿ ಸಿಗುವುದಿಲ್ಲ. ಮೊಟ್ಟೆಯ ಬಿಳಿಭಾಗದ ಲೈಸೋಜೈಮ್ ಸಿಗುತ್ತದೆ, 129 ಅಮೈನೋ ಆಮ್ಲ, ನಾಲ್ಕು ಡೈಸಲ್ಫೈಡ್ ಸೇತುವೆ. ಬೆಂದ ಮೊಟ್ಟೆಯಲ್ಲಿ ಪೆಪ್ಟೈಡ್ ಬಂಧಗಳು ಹಾಗೇ ಇದ್ದರೂ ಮಡಿಕೆ ಬಿಚ್ಚಿ ಅಣುಗಳು ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ನಿಶ್ಚಿತ ಆಕಾರವೇ ಇಲ್ಲದ್ದಕ್ಕೆ ಒಂದು ರಚನೆ ಎಲ್ಲಿಂದ ತರುವುದು? ನೀರಿನಲ್ಲಿ ಬಳುಕುವ ಪುಟ್ಟ ಪೆಪ್ಟೈಡ್‌ಗಳದೂ ಅದೇ ಕಥೆ.

ತಾಣ ಇಂಗ್ಲಿಷಿನಲ್ಲಿದೆ, ಕನ್ನಡ ಮಾಧ್ಯಮದಿಂದ ಬಂದವರಿಗೆ ನೀವು ಪಕ್ಕದಲ್ಲಿ ನಿಂತು ಹೇಳಬೇಕಾಗುತ್ತದೆ. ಅದಕ್ಕೇ ಮೊದಲು ಪಿಡಿಬಿ-101 ಎಂಬ ಕಲಿಕೆಯ ವಿಭಾಗಕ್ಕೆ ಹೋಗಿ. ಡೇವಿಡ್ ಗುಡ್‌ಸೆಲ್ 2000ದ ಜನವರಿಯಿಂದ ಶುರು ಮಾಡಿದ ‘ತಿಂಗಳ ಅಣು’ ಬರಹಗಳು, ಅವರದೇ ಚಿತ್ರಗಳ ಸಮೇತ ಅಲ್ಲಿವೆ. ಇನ್ಸುಲಿನ್, ಡೆಂಗಿ ವೈರಸ್ಸಿನ ಕಾಗದದ ಮಾದರಿಗಳನ್ನೂ ಇಳಿಸಿಕೊಳ್ಳಬಹುದು. ಸ್ವಲ್ಪ ದಪ್ಪ ಕಾಗದದ ಮೇಲೆ ಕಲರ್ ಪ್ರಿಂಟ್ ಹಾಕಿಸಿ. ತೆಳು ಹಾಳೆ ಅಂಟಿಸುವಾಗ ಮುದುರುತ್ತದೆ.