ಆಟಕ್ಕೆ ಮೊದಲು ತುಂಬಿಸುವ ಒಂದು ಹಾಳೆ

ಮಣಿಪಾಲದ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಐದು ಜನ ಸೇರಿ ರೋಲ್‌ಪ್ಲೇಯಿಂಗ್ ಆಟ ಆಡುತ್ತೇವೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕತೆ ಕಟ್ಟುವ ಆಟ ಇದು, ಏನಾಗುತ್ತದೆ ಅನ್ನುವುದನ್ನು ಡೈಸ್ (ದಾಳ) ಉರುಳಿಸಿ ನೋಡುತ್ತೇವೆ. ಗೇಮ್ ಮಾಸ್ಟರ್ ನಾನು, ಕತೆ ನಡೆಸುವ ಕೆಲಸ ನನ್ನದು. ಉಳಿದ ನಾಲ್ವರಿಗೆ ಒಂದೊಂದು ಪಾತ್ರ. ಸುಮಾರು ಒಂದು ವರ್ಷದಿಂದ ನಾವು ‘ಕನ್ಸೆಂಟ್ ಇನ್ ಗೇಮಿಂಗ್’ ಅನ್ನುವ ಪುಟ್ಟ ಪುಸ್ತಕ ಮತ್ತು ಅದರ ಕೊನೆಯಲ್ಲಿರುವ ಚೆಕ್‌ಲಿಸ್ಟ್ ಬಳಸುತ್ತಿದ್ದೇವೆ. ಕತೆಯಲ್ಲಿ ಯಾವ ವಿಷಯ ಬರಬಹುದು, ಯಾವುದು ಬೇಡ ಅಂತ ಆಡುವವರು ಮೊದಲೇ ಗುರುತು ಹಾಕಿ ಕೊಡುವ ಹಾಳೆ ಅದು. ಈ ರಿವ್ಯೂ ಅದರ ಬಗ್ಗೆ.

ಅದು ನಮಗೆ ಯಾಕೆ ಬೇಕಾಯಿತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಕಳೆದ ಜುಲೈ. ಹೊರಗೆ ಧೋ ಎಂದು ಮಳೆ, ಕರೆಂಟ್ ಇಲ್ಲ, ಮೇಜಿನ ಮೇಲೆ ಎರಡು ಮೇಣದಬತ್ತಿ. ಕತೆಯಲ್ಲಿ ಇವರ ಹಡಗು ಬಿರುಗಾಳಿಗೆ ಸಿಕ್ಕಿತ್ತು. ನಾನು ತುಂಬಾ ಹುಮ್ಮಸ್ಸಿನಿಂದ ಹೇಳುತ್ತಿದ್ದೆ: ತಳಕ್ಕೆ ನೀರು ನುಗ್ಗುವುದು, ಕತ್ತಲಲ್ಲಿ ಒಬ್ಬರನ್ನೊಬ್ಬರು ಕೂಗುವುದು, ಆ ಕೂಗು ಒಂದೊಂದಾಗಿ ನಿಲ್ಲುವುದು. ನಮ್ಮಲ್ಲಿ ಒಬ್ಬ ಮಲ್ಪೆಯವನು. ಅವನು ಡೈಸ್ ಕೆಳಗಿಟ್ಟು ಸುಮ್ಮನೆ ಕೂತಿದ್ದ. ಓಕೆನಾ ಅಂತ ಕೇಳಿದೆ. ‘ಪರವಾಗಿಲ್ಲ’ ಅಂದ. ನಾನು ಮುಂದುವರಿಸಿದೆ, ಇನ್ನೂ ಇಪ್ಪತ್ತು ನಿಮಿಷ.

ಮುಂದಿನ ಎರಡು ಭಾನುವಾರ ಅವನು ಬರಲಿಲ್ಲ. ಕೆಲಸ ಉಂಟು ಅಂತ ಮೆಸೇಜ್ ಹಾಕಿದ. ಮೂರನೇ ವಾರ ನಾನೇ ಹೋಗಿ ಸಿಕ್ಕಿದೆ, ಆಗ ಹೇಳಿದ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟ್ ಏಳು ಮೀನುಗಾರರ ಸಮೇತ ಕಾಣೆಯಾಯಿತಲ್ಲ, ಅದೇ ವಾರ ಅವನ ತಂದೆ ಬೇರೊಂದು ಬೋಟಿನಲ್ಲಿ ಕಡಲಿನಲ್ಲಿದ್ದರು. ಅವರು ವಾಪಸ್ ಬಂದರು. ಆದರೆ ಬರುವ ತನಕ ಮನೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ, ಫೋನ್ ರಿಂಗಾದರೆ ಎತ್ತಲು ಅಮ್ಮನಿಗೆ ಕೈ ಬರುತ್ತಿರಲಿಲ್ಲವಂತೆ. ಆ ಬೋಟಿನ ಸುದ್ದಿ ಉಡುಪಿಯಲ್ಲಿ ಯಾರಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು. ಎದುರಿಗೆ ಮಲ್ಪೆಯವನು ಕೂತಿದ್ದಾನೆ ಅನ್ನುವುದೂ ಗೊತ್ತಿತ್ತು. ಎರಡನ್ನೂ ಸೇರಿಸಿ ಯೋಚಿಸಲಿಲ್ಲ, ಅಷ್ಟೇ. ಅದು ನನ್ನ ತಪ್ಪು.

ಆಮೇಲೆ ಹುಡುಕಿದಾಗ ಸಿಕ್ಕಿದ್ದು ಈ ಪುಸ್ತಕ. ಮಾಂಟೆ ಕುಕ್ ಗೇಮ್ಸ್ ಅನ್ನುವ ಅಮೆರಿಕದ ಕಂಪನಿ 2019ರಲ್ಲಿ ಹೊರತಂದದ್ದು. ಬರೆದವರು ಶಾನಾ ಜರ್ಮೇನ್ ಮತ್ತು ಶಾನ್ ಕೆ. ರೆನಾಲ್ಡ್ಸ್. ಪಿಡಿಎಫ್ ಉಚಿತ. ಒಂದು ಚಹಾ ಕುಡಿಯುವಷ್ಟರಲ್ಲಿ ಓದಿ ಮುಗಿಸಬಹುದು. ಇಂಗ್ಲಿಷ್ ಸರಳವಾಗಿದೆ, ಉಪದೇಶ ಜಾಸ್ತಿ ಇಲ್ಲ. ಯಾವ ಆಟಕ್ಕಾದರೂ ಹೊಂದುತ್ತದೆ, ಈ ಬಗೆಯ ಆಟಗಳಲ್ಲಿ ಹೆಸರುವಾಸಿಯಾದ ಡಂಜನ್ಸ್ ಅಂಡ್ ಡ್ರಾಗನ್ಸೇ ಆಗಬೇಕೆಂದಿಲ್ಲ.

ಪುಸ್ತಕದ ಮಾತು ನೇರ. ಬೇಡ ಅಂದರೆ ಬೇಡ, ಯಾಕೆ ಬೇಡ ಅಂತ ಕಾರಣ ಕೊಡಬೇಕಾಗಿಲ್ಲ. ನಿನ್ನೆ ಸರಿ ಅಂದದ್ದನ್ನು ಇವತ್ತು ಬೇಡ ಅನ್ನಬಹುದು. ಚೆಕ್‌ಲಿಸ್ಟಿನಲ್ಲಿ ಒಂದೊಂದು ವಿಷಯದ ಎದುರು ಮೂರು ಬಣ್ಣ. ಹಸಿರು ಅಂದರೆ ಧಾರಾಳವಾಗಿ ತನ್ನಿ. ಹಳದಿ ಅಂದರೆ ಪರದೆಯ ಹಿಂದೆ ನಡೆಯಲಿ, ಎದುರಿಗೆ ತರುವುದಾದರೆ ಮೊದಲು ಮಾತಾಡೋಣ. ಕೆಂಪು ಅಂದರೆ ಕತೆಯಲ್ಲಿ ಬರಲೇಬಾರದು. ಕೆಂಪು ಹಳದಿಯ ಈ ಯೋಚನೆ ಹಳೆಯದು, ರಾನ್ ಎಡ್ವರ್ಡ್ಸ್ ಅನ್ನುವ ಗೇಮ್ ಡಿಸೈನರ್ ‘ಲೈನ್ಸ್ ಅಂಡ್ ವೇಲ್ಸ್’ (ಗೆರೆ ಮತ್ತು ಪರದೆ) ಅಂತ ಹೆಸರಿಟ್ಟು ಮೊದಲೇ ಹೇಳಿದ್ದರು. ಇಲ್ಲಿ ಅದು ಪೆನ್ ಹಿಡಿದು ತುಂಬಿಸುವ ಹಾಳೆಯಾಗಿದೆ. ನನಗೆ ಬೇಕಾಗಿದ್ದದ್ದು ಅದೇ.

ಯಾಕೆಂದರೆ ನಮ್ಮ ಕಡೆಯವರ ಬಾಯಲ್ಲಿ ‘ಬೇಡ’ ಅಷ್ಟು ಸುಲಭಕ್ಕೆ ಬರುವುದಿಲ್ಲ. ಊಟಕ್ಕೆ ಕೂತಲ್ಲಿ ಬಡಿಸುವವರಿಗೆ ಸಾಕು ಅನ್ನಲಿಕ್ಕೇ ಮೂರು ಸಲ ಕೈ ಅಡ್ಡ ಹಿಡಿಯಬೇಕು, ಇನ್ನು ಸ್ನೇಹಿತರ ಮನೆಯಲ್ಲಿ, ಎಲ್ಲರೂ ಖುಷಿಯಲ್ಲಿರುವಾಗ, ನನ್ನಿಂದ ಆಟ ನಿಲ್ಲುವುದು ಬೇಡ ಅಂತ ಒಳಗೇ ನುಂಗಿಕೊಂಡು ‘ಪರವಾಗಿಲ್ಲ’ ಅನ್ನುತ್ತಾರೆ. ಆ ಮಾತಿಗೆ ‘ನನಗೆ ಕಷ್ಟವಾಗುತ್ತಿದೆ, ಆದರೂ ತಡೆದುಕೊಳ್ಳುತ್ತೇನೆ’ ಅನ್ನುವ ಅರ್ಥವೂ ಉಂಟು. ಈಗ ಆಟದ ನಡುವೆ ಯಾರಾದರೂ ಪರವಾಗಿಲ್ಲ ಅಂದರೆ ನಾನು ಹಳದಿ ಅಂತಲೇ ಹಿಡಿಯುತ್ತೇನೆ.

ಇದೇ ಕಾರಣಕ್ಕೆ ಎಕ್ಸ್ ಕಾರ್ಡ್ ನಮ್ಮಲ್ಲಿ ನಡೆಯಲಿಲ್ಲ. ಜಾನ್ ಸ್ಟಾವ್ರೊಪೌಲೊಸ್ ಮಾಡಿದ ಈ ಉಪಾಯ ತುಂಬಾ ಹೆಸರುವಾಸಿ: ಮೇಜಿನ ಮಧ್ಯೆ ಎಕ್ಸ್ ಬರೆದ ಒಂದು ಕಾರ್ಡ್ ಇಡುವುದು, ಯಾರಿಗಾದರೂ ಕಷ್ಟವಾದರೆ ಅದನ್ನು ಮುಟ್ಟುವುದು, ಮುಟ್ಟಿದರೆ ಆ ಭಾಗವನ್ನು ಕತೆಯಿಂದ ತೆಗೆಯುವುದು, ಪ್ರಶ್ನೆ ಇಲ್ಲ. ಉಪಾಯ ಒಳ್ಳೆಯದೇ. ಆದರೆ ನಾಲ್ಕು ಜನ ನೋಡುತ್ತಿರುವಾಗ ಕೈ ಚಾಚಬೇಕಲ್ಲ! ಎಂಟು ತಿಂಗಳು ನಮ್ಮ ಮೇಜಿನ ಮೇಲೆ ಇತ್ತು. ಒಬ್ಬರೂ ಮುಟ್ಟಲಿಲ್ಲ. ಅಷ್ಟು ದಿನವೂ ಎಲ್ಲರಿಗೂ ಎಲ್ಲವೂ ಸರಿಯಿತ್ತು ಅಂತ ನಾನು ನಂಬುವುದಿಲ್ಲ. ಮನೆಯಲ್ಲಿ ಒಬ್ಬರೇ ಕೂತು ಹಾಳೆ ತುಂಬಿಸುವಾಗ ಆ ಸಂಕೋಚ ಇರುವುದಿಲ್ಲ.

ಈಗ ದೂರು. ಪಟ್ಟಿ ನಮ್ಮದಲ್ಲ. ಜೇಡ, ಇಲಿ, ರಕ್ತ, ಚಿತ್ರಹಿಂಸೆ, ಪ್ರಾಣಿಗಳಿಗೆ ಹಿಂಸೆ, ಗರ್ಭಪಾತ ಎಲ್ಲ ಇದೆ. ಚಳಿಗೆ ಹೆಪ್ಪುಗಟ್ಟಿ ಸಾಯುವುದೂ ಇದೆ. ಉಡುಪಿಯಲ್ಲಿ ಅದಕ್ಕೆ ಯಾರು ಹೆದರುತ್ತಾರೆ? ನಮ್ಮ ತುಳುನಾಡಿನವರು ನಂಬುವ ಕಾವಲು ಶಕ್ತಿ ದೈವ, ಅದು ಇಲ್ಲ. ಜಾತಿ ಅಂತ ಬಿಡಿಸಿ ಬರೆದದ್ದು ಇಲ್ಲ. ಜನಾಂಗಭೇದ, ಧರ್ಮ ಅನ್ನುವ ಸಾಲುಗಳು ಇವೆ, ಅದರಲ್ಲೇ ಸೇರಿಸಿಕೊಳ್ಳಿ ಅನ್ನಬಹುದು, ಆದರೆ ಸಾಲು ಕಣ್ಣೆದುರು ಇಲ್ಲದಿದ್ದರೆ ಜನ ಅದಕ್ಕೆ ಟಿಕ್ ಹಾಕುವುದಿಲ್ಲ. ಪುಣ್ಯಕ್ಕೆ ನಾವೇ ಬರೆದುಕೊಳ್ಳಲು ಖಾಲಿ ಸಾಲು ಬಿಟ್ಟಿದ್ದಾರೆ. ನನ್ನ ಅನುಭವದಲ್ಲಿ ಇಡೀ ಹಾಳೆಯಲ್ಲಿ ಬೆಲೆಬಾಳುವುದು ಆ ಖಾಲಿ ಸಾಲುಗಳೇ.

ಬಂಟ್ವಾಳ ಕಡೆಯ ಗೆಳತಿ ಅಲ್ಲಿ ಏನು ಬರೆದಳು ಗೊತ್ತಾ? ‘ದೈವ, ಕೋಲ, ಗಗ್ಗರದ ಸದ್ದು.’ ಎದುರಿಗೆ ಕೆಂಪು. ಕೋಲ ಅಂದರೆ ದೈವದ ವೇಷ ಕಟ್ಟಿ ಕುಣಿಯುವ ಆರಾಧನೆ, ಗಗ್ಗರ ಅದರ ಕಾಲ್ಗೆಜ್ಜೆ. ಆ ತಿಂಗಳು ನನ್ನ ಕತೆಯಲ್ಲಿ ಹಂದಿಮುಖದ ಕಾಡಿನ ಕಾವಲು ಶಕ್ತಿಯೊಂದು ಬರುವುದಿತ್ತು, ಎಷ್ಟು ಪೆಟ್ಟಿಗೆ ಸಾಯುತ್ತದೆ ಅನ್ನುವ ಹಿಟ್ ಪಾಯಿಂಟ್ ಕೂಡ ಅದಕ್ಕೆ ಲೆಕ್ಕ ಹಾಕಿಟ್ಟಿದ್ದೆ. ಹಂದಿ ರೂಪದ ದೈವ ಪಂಜುರ್ಲಿಯ ಹೆಸರು ಇಟ್ಟಿರಲಿಲ್ಲ. ಆದರೆ ತುಳುನಾಡಿನವರಿಗೆ ಹೆಸರು ಬೇಕಾ? ಅವಳ ಮನೆಯಲ್ಲಿ ವರ್ಷಕ್ಕೊಮ್ಮೆ ದೈವದ ನೇಮ ನಡೆಯುತ್ತದೆ. ಹೆದರಿಕೆಯಿಂದ ಬರೆದದ್ದಲ್ಲ, ನಮ್ಮ ಮನೆಯಲ್ಲಿ ಅದು ಕತೆ ಅಲ್ಲ ಅಂದಳು. ಮನೆಯವರೆಲ್ಲ ಕೈಮುಗಿದು ನಿಲ್ಲುವ ಜಾಗಕ್ಕೆ ಡೈಸ್ ಉರುಳಿಸಿ ಬಾಣ ಬಿಡುವ ಸೀನ್ ನಾನು ತಯಾರು ಮಾಡಿದ್ದೆ. ಅಷ್ಟೂ ಪುಟ ತೆಗೆದು ಹಾಕಿದೆ. ಬೇಜಾರಾಯಿತು, ನಿಜ, ಎರಡು ರಾತ್ರಿ ಕೂತು ಬರೆದದ್ದು. ಆದರೂ ಹಾಳೆಯಿಂದ ಅದು ಮೊದಲೇ ಗೊತ್ತಾಯಿತು. ಆ ಸೀನ್ ಆಡಿದ ಮೇಲೆ ಅವಳ ಮುಖ ನೋಡಿ ತಿಳಿಯುವ ಪರಿಸ್ಥಿತಿ ಬರಲಿಲ್ಲ.

ಜಾತಿಯ ವಿಷಯ ಇಷ್ಟು ಸುಲಭವಾಗಲಿಲ್ಲ. ಒಬ್ಬ ಹಸಿರು ಹಾಕಿ, ಜಾತಿ ಇಲ್ಲದ ಹಳ್ಳಿ ತೋರಿಸಿದರೆ ಅದು ಸುಳ್ಳು ಕತೆ, ಬಾವಿಯ ಹತ್ತಿರ ತಡೆಯುವವರನ್ನು ಎದುರಿಸುವ ಪಾತ್ರ ಬೇಕು ಅಂದ. ಇನ್ನೊಬ್ಬ ‘ಜಾತಿ ಕೇಳುವ ಸೀನ್’ ಅಂತ ಬರೆದು ಕೆಂಪು ಹಾಕಿದ್ದ. ಪುಸ್ತಕದ ಪ್ರಕಾರ ಒಬ್ಬರ ಕೆಂಪು ಎಲ್ಲರಿಗೂ ಕೆಂಪು. ನಾನು ಹಾಗೆಯೇ ಮಾಡಿದೆ. ಹಸಿರು ಹಾಕಿದವನ ಮಾತಿನಲ್ಲಿ ಸತ್ಯ ಉಂಟು, ಅಂತಹ ಕತೆ ಆಡಲೇಬೇಕಾದವರೂ ಇದ್ದಾರೆ. ಆದರೆ ವಾರವಿಡೀ ಬಾಡಿಗೆ ಮನೆ ಹುಡುಕುತ್ತಾ ಅದೇ ಪ್ರಶ್ನೆ ಕೇಳಿಸಿಕೊಂಡವನು ಭಾನುವಾರ ಡ್ರಾಗನ್ ಹೊಡೆಯಲು ಬಂದಿದ್ದಾನೆ. ಅವನಿಗೆ ಆ ಮೂರು ಗಂಟೆ ಬಿಟ್ಟುಕೊಡಬೇಕಲ್ವಾ?

ಇನ್ನೊಂದು ಮಾತು ಬಳಸುವ ರೀತಿಯ ಬಗ್ಗೆ. ತುಂಬಿಸಿದ ಹಾಳೆಯನ್ನು ಮೇಜಿನ ಮೇಲೆ ಹರಡಬೇಡಿ. ನಾವು ಮೊದಲ ಸಲ ಹಾಗೆ ಮಾಡಿ, ಐದೇ ಜನ, ಹೆಸರಿಲ್ಲದಿದ್ದರೂ ಕೈಬರಹದಲ್ಲಿ ಗೊತ್ತಾಗಿಹೋಯಿತು. ಈಗ ಎಲ್ಲರೂ ಫೋಟೋ ತೆಗೆದು ನನಗೊಬ್ಬಳಿಗೇ ವಾಟ್ಸಾಪ್ ಮಾಡುತ್ತಾರೆ. ನಾನು ಎಲ್ಲ ಕೆಂಪು ಹಳದಿ ಸೇರಿಸಿ, ಹೆಸರಿಲ್ಲದೆ ಒಂದೇ ಪಟ್ಟಿ ಮಾಡಿ, ಸೆಷನ್ ಝೀರೋದಲ್ಲಿ ಓದುತ್ತೇನೆ. ಆಟ ಶುರುವಾಗುವ ಮೊದಲು ಮಾತಿಗೆಂದೇ ಕೂರುವ ದಿನ ಅದು. ಗೋಳಿಬಜೆ ಚಹಾ ಮುಗಿದ ಮೇಲೆ ಓದಿ, ಪಟ್ಟಿಯಲ್ಲಿರುವ ಕೆಲವು ಸಾಲು ತಿನ್ನುತ್ತಾ ಕೇಳುವಂಥದ್ದಲ್ಲ.

ಆಟದ ನಡುವೆ ಸೀನ್ ಕೈಮೀರಿದರೆ ಏನು ಮಾಡುವುದು ಅನ್ನುವುದಕ್ಕೆ ನನಗೆ ಈ ಪುಸ್ತಕಕ್ಕಿಂತ ತಾಳಮದ್ದಳೆ ಜಾಸ್ತಿ ಕಲಿಸಿದೆ. ವೇಷ, ಕುಣಿತ ಇಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ ಅದು; ಭಾಗವತರು ಹಾಡುತ್ತಾರೆ, ಅರ್ಥಧಾರಿಗಳು ಪಾತ್ರವಾಗಿ ಮಾತಾಡುತ್ತಾರೆ. ಅರ್ಥಧಾರಿಗಳ ವಾದ ಬಿಸಿಯೇರಿ ಹದ ತಪ್ಪುತ್ತದೆ ಅನ್ನಿಸಿದರೆ ಭಾಗವತರು ಮುಂದಿನ ಪದ ಎತ್ತುತ್ತಾರೆ. ಅಲ್ಲಿಗೆ ಆ ಮಾತು ಮುಗಿಯಿತು, ಯಾರಿಗೂ ಅವಮಾನ ಇಲ್ಲ. ನಾನೂ ಹಾಗೆ ‘ಬೆಳಗಾಯಿತು, ನೀವು ಊರಿನ ಹೆಬ್ಬಾಗಿಲಲ್ಲಿ ನಿಂತಿದ್ದೀರಿ’ ಅಂದುಬಿಡುತ್ತೇನೆ. ಯಾರೂ ಕಾರ್ಡ್ ಮುಟ್ಟಬೇಕಾಗಿಲ್ಲ.

ಅಪರಿಚಿತರ ಜೊತೆ ಆಡುವಲ್ಲಿ ಇದು ಇನ್ನೂ ಬೇಕು. ಮಂಗಳೂರಿನ ಒಂದು ಕೆಫೆಯಲ್ಲಿ ಟಿಕೆಟ್ ಕೊಟ್ಟು ಆಡಿದ ಆಟದಲ್ಲಿ ಒಬ್ಬ ತನ್ನ ಪಾತ್ರದಿಂದ ಇನ್ನೊಬ್ಬಳ ಪಾತ್ರವನ್ನು ಪೀಡಿಸುತ್ತಾ ಹೋದ, ನಡೆಸುವವರು ಡೈಸ್ ಬಿದ್ದ ಹಾಗೆ ಆಗಲಿ ಅಂದರು. ಅವಳು ಅರ್ಧದಲ್ಲೇ ಎದ್ದುಹೋದಳು. ಡೈಸ್ ಯಾರ ಪರವಾಗಿಯೂ ಒಪ್ಪಿಗೆ ಕೊಡಲು ಸಾಧ್ಯವಿಲ್ಲ ಮಾರಾಯ್ರೆ. ದುಡ್ಡು ತೆಗೆದುಕೊಂಡು ಆಟ ನಡೆಸುವವರು ಬುಕಿಂಗ್ ಜೊತೆಗೇ ಈ ಹಾಳೆ ಕಳಿಸಬೇಕು. 2020ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸಿನ ಅಧಿಕೃತ ಪುಸ್ತಕದಲ್ಲೇ ಸೆಷನ್ ಝೀರೋ ಬಗ್ಗೆ ಬರೆದಾಗಿದೆ, ಹಾಗಾಗಿ ಇದು ಹೊಸಬರ ಹಠ ಅನ್ನುವ ಹಾಗೂ ಇಲ್ಲ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಒಂದು ಕಳೆದದ್ದು ಪಟ್ಟಿ ನಮ್ಮ ಊರನ್ನು ಅರಿಯದ್ದಕ್ಕೆ. ಪ್ರಿಂಟ್ ತೆಗೆದರೆ ಖಾಲಿ ಸಾಲುಗಳಲ್ಲಿ ಕಡಲು, ದೈವ, ಜಾತಿ, ಕೋಮುಗಲಭೆ, ಮುಟ್ಟು ಇಷ್ಟನ್ನಾದರೂ ನೀವೇ ಬರೆದು ಕೊಡಿ. ಮೂರು ತಿಂಗಳಿಗೊಮ್ಮೆ ಹೊಸ ಹಾಳೆ ತುಂಬಿಸಿ, ಬಣ್ಣ ಬದಲಾಗುತ್ತದೆ. ಮಲ್ಪೆಯ ಗೆಳೆಯ ‘ಕಡಲು’ ಅನ್ನುವ ಸಾಲಿಗೆ ಮೊದಲು ಕೆಂಪು ಹಾಕಿದ್ದ, ಹಾಗಾಗಿ ನಮ್ಮ ಇಡೀ ಕತೆ ಕರಾವಳಿ ಬಿಟ್ಟು ಘಟ್ಟ ಹತ್ತಿತು. ಕಳೆದ ತಿಂಗಳು ಅದನ್ನು ಹಳದಿ ಮಾಡಿ ಪಕ್ಕದಲ್ಲಿ ಬರೆದಿದ್ದಾನೆ: ‘ಬಂದರು ಇರಲಿ, ಬೋಟೂ ಇರಲಿ. ಮುಳುಗುವುದು ಬೇಡ.’ ಈ ಭಾನುವಾರ ಘಟ್ಟ ಇಳಿಯುತ್ತಿದ್ದೇವೆ.