ಮುರು ಮೀನು ಗುರುತಿಸಲು ಐನ್ಯಾಚುರಲಿಸ್ಟ್: ಎಲ್ಲಿಯವರೆಗೆ ನೆಚ್ಚಬಹುದು?

ನಮ್ಮ ಕರಾವಳಿಯ ಬಂದರುಗಳಲ್ಲಿ ಬಗೆಬಗೆಯ ಗ್ರೂಪರ್‌ಗಳೂ ‘ಮುರು’ ಎಂಬ ಒಂದೇ ಹೆಸರಿಗೆ ಬಿಕರಿಯಾಗುತ್ತವೆ. ಯಾವ ಮುರು ಎಂದು ತಿಳಿಯಲು ಐನ್ಯಾಚುರಲಿಸ್ಟ್ ಆಪ್ ಒಳ್ಳೆಯ ಆರಂಭ. ದುಡ್ಡು ಕೊಡಬೇಕಿಲ್ಲ, ನೆಟ್ ಇಲ್ಲದ ಕಡೆ ಫೋಟೊ ಉಳಿಸಿಟ್ಟು ಆಮೇಲೆ ಏರಿಸಬಹುದು. ಆದರೆ ಅದು ಚಿತ್ರ ನೋಡಿ ಹೇಳುತ್ತದೆಯೇ ಹೊರತು ಮುಳ್ಳು ಎಣಿಸುವುದಿಲ್ಲ. ಆ ಕೆಲಸ ನಮ್ಮದೇ.

ಲೋಳೆ ತೊಳೆದು, ಬೆನ್ನಿನ ರೆಕ್ಕೆ ಎತ್ತಿ ಹಿಡಿದು, ಮುಂಭಾಗದ ಗಡುಸು ಮುಳ್ಳುಗಳನ್ನು ಎಣಿಸಿ. ಬಾಲ ದುಂಡಗಿದ್ದು ಮುಳ್ಳು 11 ಇದ್ದರೆ ಬಹುಪಾಲು ಎಪಿನೆಫೆಲಸ್ ಕುಲದ ಮುರು. 9 ಇದ್ದರೆ ಸೆಫಲೊಫೊಲಿಸ್ ಕುಲದ್ದು. ರೆಕ್ಕೆ ಮಡಚಿಕೊಂಡ ಫೋಟೊದಲ್ಲಿ ಇದು ಕಾಣುವುದೇ ಇಲ್ಲ. ಹಾಗಾಗಿ ಮೂರು ಫೋಟೊ ಬೇಕು: ಪೂರ್ತಿ ಪಕ್ಕ, ಬಿಡಿಸಿದ ಬೆನ್ನಿನ ರೆಕ್ಕೆ, ಕೆನ್ನೆ.

ಕೆನ್ನೆ ಯಾಕೆಂದರೆ, ಟ್ರಾಲ್ ಬಲೆಗೆ ಬರುವ ಎಪಿನೆಫೆಲಸ್ ಡಯಾಕ್ಯಾಂತಸ್‌ನ ಗುಟ್ಟು ಅಲ್ಲಿದೆ. ಕಿವಿರು ಮುಚ್ಚಳದ ಮುಂದಿನ ಮೂಳೆಯ ಮೂಲೆಯಲ್ಲಿ ಗರಗಸದ ಹಲ್ಲುಗಳು ದೊಡ್ಡದಾಗಿ ಚಾಚಿರುತ್ತವೆ, ಬೆರಳಾಡಿಸಿದರೆ ಚುಚ್ಚುತ್ತದೆ. ಮೈಮೇಲಿನ ಐದು ಕಪ್ಪು ಪಟ್ಟೆ ಐಸ್‌ನಲ್ಲಿ ಮಾಸಿದರೂ ಈ ಮುಳ್ಳು ಎಲ್ಲಿಗೂ ಹೋಗುವುದಿಲ್ಲ. ಇದು ಬಂಡೆಯ ಮೀನಲ್ಲ, ಕೆಸರು ಮರಳಿನ ತಳದ್ದು.

ಆಪ್ ಹೆಚ್ಚು ಎಡವುವುದು ಎಪಿನೆಫೆಲಸ್ ಕುಲದ್ದೇ ಆದ ಕೊಯಾಯ್ಡಿಸ್ ಮತ್ತು ಮಲಬಾರಿಕಸ್ ನಡುವೆ. ತಜ್ಞರೇ ಇವೆರಡನ್ನು ಬಹಳ ಕಾಲ ಕಲಸಿಬಿಟ್ಟಿದ್ದರು, ಆಪ್ ಯಾವ ಲೆಕ್ಕ! ಮೊದಲನೆಯದಕ್ಕೆ ಕಿತ್ತಳೆ-ಕಂದು ಚುಕ್ಕೆ (ದುಬೈಯಲ್ಲಿರುವ ನಮ್ಮವರ ‘ಹಮೂರ್’ ಇದೇ), ಎರಡನೆಯದಕ್ಕೆ ಕಪ್ಪು ಚುಕ್ಕೆಯ ಜೊತೆ ಬಿಳಿ ಮಚ್ಚೆಗಳು. ಸತ್ತ ಮೇಲೆ ಕಿತ್ತಳೆ ಕಂದಾಗುತ್ತದೆ, ಗೊಂದಲ ಶುರು. ಎರಡರ ಮರಿಗಳೂ ಅಳಿವೆ, ಕಾಂಡ್ಲಾ ಕಾಡಿನಲ್ಲೇ ಬೆಳೆಯುವುದರಿಂದ ಜಾಗ ನೋಡಿಯೂ ಬಿಡಿಸಲಾಗದು. ಬಣ್ಣ ಮಾಸಿದ್ದರೆ ಎಪಿನೆಫೆಲಸ್ ಎಂದಷ್ಟೇ ಬರೆದು ನಿಲ್ಲಿಸಿ.

ಜಾಗದ ಪಿನ್ನು ಇನ್ನೊಂದು ತಲೆನೋವು. ಮಾರುಕಟ್ಟೆಯಲ್ಲಿ ತೆಗೆದ ಫೋಟೊ ತಾನಾಗಿ ಬಂದರಿನ ಗುರುತು ಹೊತ್ತು ಬರುತ್ತದೆ. ಮೀನು ಸಿಕ್ಕಿದ್ದು ಎಲ್ಲೋ ಆಳದಲ್ಲಿ. ಬೋಟಿನವರನ್ನು ಎಷ್ಟು ಮಾರು ನೀರು, ಕೆಸರೋ ಕಲ್ಲೋ ಎಂದು ಕೇಳಿ ಟಿಪ್ಪಣಿಯಲ್ಲಿ ಬರೆಯಿರಿ. ಒಂದು ಮಾರು ಸುಮಾರು 1.8 ಮೀಟರ್. ನೇತ್ರಾಣಿಯಲ್ಲಿ ಡೈವಿಂಗ್ ಮಾಡುವವರಿಗೆ ಈ ಕಷ್ಟವಿಲ್ಲ, ಬಣ್ಣವೂ ಜೀವಂತ.

ನಿಮ್ಮ ಗುರುತನ್ನು ಬೇರೆಯವರು ಒಪ್ಪಿ ಆಪ್‌ನಲ್ಲಿ ‘ರಿಸರ್ಚ್ ಗ್ರೇಡ್’ ಎಂಬ ಮುದ್ರೆ ಬಂದರೂ ಮೀನುಗಳ ಮಾಹಿತಿಯ ಫಿಶ್‌ಬೇಸ್ ತಾಣದಲ್ಲಿ ಆಳ, ಮುಳ್ಳಿನ ಲೆಕ್ಕ ತಾಳೆ ನೋಡಿ. ಇಬ್ಬರು ಒಪ್ಪಿದರೂ ಆ ಮುದ್ರೆ ಬೀಳುತ್ತದೆ, ಇಬ್ಬರೂ ಆಪ್‌ನ ಸಲಹೆಯನ್ನೇ ಒತ್ತಿರಬಹುದು.