ಬಾದಾಮಿ ತೋಟ ಮಾರಿ ಫಿಫ್ತ್ ವೀಲ್‌ನಲ್ಲಿ ವಾಸ: ದೀರ್ಘಾವಧಿ ಬಳಕೆಯ ವಿಮರ್ಶೆ

ಕ್ಯಾಲಿಫೋರ್ನಿಯಾದ ಮಡೇರಾ ಕೌಂಟಿಯಲ್ಲಿದ್ದ ಬಾದಾಮಿ ತೋಟವನ್ನೂ ತೋಟದ ಮನೆಯನ್ನೂ ಮಾರಿದ ಮೇಲೆ ನಾನು ಮತ್ತು ನನ್ನ ಪತ್ನಿ 34 ಅಡಿಯ ಫಿಫ್ತ್ ವೀಲ್ ಟ್ರೇಲರ್‌ನಲ್ಲೇ, ಅಂದರೆ ಪಿಕಪ್ ಟ್ರಕ್ಕಿಗೆ ಜೋಡಿಸಿ ಎಳೆದೊಯ್ಯುವ ಗಾಲಿಮನೆಯಲ್ಲೇ, ವರ್ಷವಿಡೀ ವಾಸವಾಗಿದ್ದೇವೆ. ರಜೆಯಲ್ಲಿ ಸುತ್ತಾಡುವವರಿಗೆ ಬೇಕಾದ ವಿಮರ್ಶೆಗಳು ಸಾಕಷ್ಟು ಸಿಗುತ್ತವೆ. ಇದನ್ನೇ ಮನೆ ಮಾಡಿಕೊಳ್ಳಬೇಕೆಂದಿರುವ ಇಲ್ಲಿನ ಕನ್ನಡಿಗರಿಗಾಗಿ ಇದನ್ನು ಬರೆದಿದ್ದೇನೆ.

ನಮ್ಮನ್ನು ತೋಟದಿಂದ ಎಬ್ಬಿಸಿದ್ದು ನೀರು. 2014ರಲ್ಲಿ ಅಂಗೀಕಾರವಾದ ರಾಜ್ಯದ ಅಂತರ್ಜಲ ಕಾಯ್ದೆಯಿಂದಾಗಿ ಕೊಳವೆಬಾವಿಯಿಂದ ಎತ್ತುವ ನೀರಿಗೆ ಮಿತಿ ಬೀಳುತ್ತಾ ಬಂತು. ಅದೇ ವರ್ಷಗಳಲ್ಲಿ ಪೌಂಡಿಗೆ 4 ಡಾಲರ್ ಆಸುಪಾಸಿನಲ್ಲಿದ್ದ ಬಾದಾಮಿಯ ಬೆಲೆ 2 ಡಾಲರ್‌ಗಿಂತ ಕೆಳಗಿಳಿಯಿತು. ಜಮೀನು ಮಾರುವುದೆಂದರೆ ಊರಿನ ಹಿರಿಯರಿಗೆ ಇಂದಿಗೂ ಸಂಕಟ, ನಮಗೂ ಅದು ಸುಲಭವಾಗಿರಲಿಲ್ಲ.

ಟ್ರೇಲರ್ ಕೊಳ್ಳುವವರು ಅಡುಗೆಮನೆಯ ಅಂದಕ್ಕಿಂತ ಮೊದಲು ಅದರ ಮೇಲೆ ಅಂಟಿಸಿರುವ ಹಳದಿ ಚೀಟಿಯನ್ನು ಓದಬೇಕು. ವಾಹನ ಎಷ್ಟು ಸಾಮಾನು ಹೊರಬಲ್ಲದು, ಟ್ಯಾಂಕ್ ತುಂಬಿದರೆ ನೀರಿನ ತೂಕವೇ ಎಷ್ಟಾಗುತ್ತದೆ ಎಂಬೆರಡೂ ಅದರಲ್ಲಿರುತ್ತವೆ. ನಮ್ಮ 60 ಗ್ಯಾಲನ್ ಟ್ಯಾಂಕ್ ತುಂಬಿದರೆ ಸುಮಾರು 227 ಕಿಲೋ. ಅದರ ಮೇಲೆ ಪುಸ್ತಕ, ಪಾತ್ರೆ, ಅಕ್ಕಿ ಮೂಟೆ, ಗ್ರೈಂಡರ್ ಎಲ್ಲವನ್ನೂ ಲೆಕ್ಕ ಹಾಕಿದರೆ ಪೂರ್ಣಾವಧಿ ವಾಸಕ್ಕೆ ಎಂದು ಮಾರುವ ಎಷ್ಟೋ ಮಾದರಿಗಳು ಆ ಭಾರಕ್ಕೆ ಸಾಲುವುದಿಲ್ಲ.

ನಮ್ಮ ಅಡುಗೆಯ ವಿಷಯದಲ್ಲಿ ಇನ್ನೊಂದು ಮಾತಿದೆ. ಶೌಚದ ಬ್ಲ್ಯಾಕ್ ಟ್ಯಾಂಕ್ ತುಂಬುವ ಎಷ್ಟೋ ಮೊದಲೇ ಸಿಂಕ್ ಮತ್ತು ಸ್ನಾನದ ನೀರು ಸೇರುವ ಗ್ರೇ ಟ್ಯಾಂಕ್ ತುಂಬಿಬಿಡುತ್ತದೆ, ಏಕೆಂದರೆ ಅಕ್ಕಿ ತೊಳೆದದ್ದು, ಬೇಳೆ ತೊಳೆದದ್ದು, ಜಿಡ್ಡಿನ ಮುಸುರೆ ಎಲ್ಲವೂ ಅಲ್ಲಿಗೇ ಹೋಗುತ್ತದೆ. ನನ್ನ ಪತ್ನಿ ಬಾಣಲೆ, ಒಗ್ಗರಣೆ ಸೌಟು, ಸಾರಿನ ಪಾತ್ರೆಗಳನ್ನು ಕಾಗದದಿಂದ ಚೆನ್ನಾಗಿ ಒರೆಸಿ, ಬೋಗುಣಿಯಲ್ಲಿ ಎತ್ತಿಟ್ಟ ಅಕ್ಕಿ ತೊಳೆದ ನೀರಿನಲ್ಲಿ ಒಮ್ಮೆ ಅದ್ದಿ, ಆಮೇಲಷ್ಟೇ ನಲ್ಲಿ ತಿರುಗಿಸುತ್ತಾಳೆ. ಹೀಗೆ ಮಾಡಿದರೆ ಹೊರಗಿನ ನೀರು, ಚರಂಡಿ ಸಂಪರ್ಕವಿಲ್ಲದೆಯೂ ಇಬ್ಬರಿಗೆ ಒಂದು ವಾರ ತೊಂದರೆಯಿಲ್ಲ. ಮೆಣಸಿನಕಾಯಿ ಒಗ್ಗರಣೆ ಹಾಕುವ ಮೊದಲು ಮೇಲಿನ ಫ್ಯಾನ್ ಹಾಕದಿದ್ದರೆ ಹೊಗೆ ಅಲಾರಂ ಬಡಿದುಕೊಳ್ಳುವುದು ಖಂಡಿತ.

ಚಳಿಗಾಲವನ್ನು ಅರಿಝೋನಾದ ಕ್ವಾರ್ಟ್ಸೈಟ್ ಬಳಿಯ ಲಾ ಪೋಸಾದಲ್ಲಿ ಕಳೆಯುತ್ತೇವೆ. ಅದು ಕೇಂದ್ರ ಸರ್ಕಾರದ ಜಮೀನು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗಿನ ಪರವಾನಗಿಗೆ ನಾವು ಕೊಟ್ಟದ್ದು 180 ಡಾಲರ್. ಕುಡಿಯುವ ನೀರು ತುಂಬಿಸಿಕೊಳ್ಳಲು, ಟ್ಯಾಂಕ್ ಖಾಲಿ ಮಾಡಲು ಅಲ್ಲೇ ವ್ಯವಸ್ಥೆಯಿದೆ. ಸೋಲಾರ್ ಫಲಕ ಮತ್ತು ಲಿಥಿಯಂ ಬ್ಯಾಟರಿಗಳಿಂದ ದೀಪ, ಫ್ರಿಜ್, ಲ್ಯಾಪ್‌ಟಾಪ್, ಮಿಕ್ಸಿಗಳು ನಡೆಯುತ್ತವೆ. ಬೇಸಿಗೆಯ ಏಸಿಗೆ ಮಾತ್ರ ಅದು ಸಾಲದು.

ಈ ವಾಹನದ ದೊಡ್ಡ ದೋಷ ಇರುವುದು ಚಾವಣಿಯಲ್ಲಿ. ರಬ್ಬರ್ ಹಾಳೆಯ ಮೇಲೆ ಗಾಳಿಗಿಂಡಿ, ಆಂಟೆನಾ, ಏಸಿಗಳ ಸುತ್ತ ಬಳಿದಿರುವ ಸೀಲಂಟ್ ಬಿಸಿಲಿಗೆ ಒಣಗಿ ಕೂದಲೆಳೆಯಷ್ಟು ಬಿರಿಯುತ್ತದೆ. ಕಣ್ಣಿಗೆ ಅದು ಕಾಣುವುದಿಲ್ಲ, ಬೆರಳಾಡಿಸಿದರೆ ಗೊತ್ತಾಗುತ್ತದೆ. ಸ್ನಾನದ ಮನೆಯ ಗಾಳಿಗಿಂಡಿಯ ಬಳಿ ಹೀಗೆ ಇಳಿದ ಮಳೆನೀರಿನಿಂದ ನಮ್ಮ ಒಳಮಾಡಿನ ಹಲಗೆ ಮೆತ್ತಗಾಯಿತು. ಕೊಂಡು ವರ್ಷ ತುಂಬಿರಲಿಲ್ಲ. ಆದರೂ ಇದರಲ್ಲೇ ಕಾಯಂ ಆಗಿ ವಾಸಿಸುವವರಿಗೆ ವಾರಂಟಿ ಅನ್ವಯಿಸುವುದಿಲ್ಲವೆಂದು ತಯಾರಕರು ಕೈಪಿಡಿಯ ಸಾಲೊಂದನ್ನು ತೋರಿಸಿದರು. ಇಂಥ ಷರತ್ತು ಹಲವು ಕಂಪನಿಗಳ ಕೈಪಿಡಿಗಳಲ್ಲಿದೆ, ಕೊಳ್ಳುವ ಮುನ್ನ ಓದಿಕೊಳ್ಳಿ. ವಿಮೆಯನ್ನೂ ಪೂರ್ಣಾವಧಿ ವಾಸಿಗಳಿಗೆಂದೇ ಇರುವ ಪಾಲಿಸಿಯಲ್ಲಿ ಮಾಡಿಸಬೇಕು. ಈಗ ಮೂರು ತಿಂಗಳಿಗೊಮ್ಮೆ ಏಣಿ ಹತ್ತಿ ಪ್ರತಿ ಅಂಚನ್ನೂ ಮುಟ್ಟಿ ನೋಡುತ್ತೇನೆ. ಬೆಳಗಾದರೆ ಡ್ರಿಪ್ ಪೈಪುಗಳನ್ನು ನೋಡಿಕೊಂಡು ಬರುತ್ತಿದ್ದ ರೈತನಿಗೆ ಈ ಕೆಲಸ ಹೊರೆಯೆನಿಸುವುದಿಲ್ಲ. ರಿಪೇರಿಗೆಲ್ಲ ಬೇರೆಯವರನ್ನೇ ಕರೆಯುವವರಿಗೆ ಈ ಜೀವನವನ್ನು ನಾನು ಶಿಫಾರಸು ಮಾಡಲಾರೆ.

ಮನೆಯ ಬೆಲೆ ಏರಬಹುದು, ಟ್ರೇಲರಿನದು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಆದ್ದರಿಂದ ಜಮೀನಿನ ಹಣದಲ್ಲಿ ಸಣ್ಣ ಪಾಲನ್ನಷ್ಟೇ ಇದಕ್ಕೆ ಹಾಕಿ, ಉಳಿದದ್ದನ್ನು ಮುಂದೆಂದಾದರೂ ನೆಲೆಯೂರಲು ಕಾದಿರಿಸಬೇಕು. ಮಾರಾಟದ ಪತ್ರಕ್ಕೆ ಸಹಿ ಹಾಕುವ ಮೊದಲು ಒಂದು ಟ್ರೇಲರ್ ಬಾಡಿಗೆಗೆ ಪಡೆದು, ನೀರು ಮತ್ತು ವಿದ್ಯುತ್ ಸಂಪರ್ಕವಿಲ್ಲದ ಜಾಗದಲ್ಲಿ, ದಿನನಿತ್ಯದ ಅಡುಗೆಯನ್ನೇ ಮಾಡಿಕೊಂಡು ಒಂದು ತಿಂಗಳು ಇದ್ದು ನೋಡಿ.